ಎಂಬತ್ತನಾಲ್ಕು ಬೆಳಗು

“ಹಾಗಲ್ಲ ಅಕ್ಕ. ಆಗ ಹೇಗೆ ಮಾಡ್ತಿದ್ಯೋ ಹಾಗೇ ಮಾಡು,” ಎಂದು ಊಟದ ಮೇಜು ಬಿಟ್ಟೆದ್ದ ತಮ್ಮ ಮತ್ತೆ ಮಲಗುವ ಕೋಣೆಗೆ ಹೋದ. ಇದು ಮೂರನೆಯ ಸಲ. ಆಕಳಿಸುತ್ತಾ ಬರುವುದು, ಕುರ್ಚಿ ಎಳೆದು ಕೂರುವುದು, ಅಕ್ಕ ಎದುರಿಗಿಟ್ಟ ಪೆಪ್ಪರ್‌ಮಿಂಟನ್ನು ಮಾತ್ರೆಯ ಹಾಗೆ ನೀರಿನ ಜೊತೆ ನುಂಗುವುದು.

“ಡಾಕ್ಟರು ಹನ್ನೆರಡು ಗಂಟೆಯೊಳಗೆ ಫೋನ್ ಮಾಡಿ ಅಂದಿದಾರೆ. ನೀನು ನೋಡಿದ್ರೆ ಇಲ್ಲಿ ನಾಟಕ ಆಡ್ತಿದೀಯ,” ಎಂದಳು ಅಕ್ಕ.

“ನಾಟಕ ಅಲ್ಲ. ಲಿಫ್ಟ್ ನಿಂತ್ರೆ ನಾವು ಹೀಗೇ ಮಾಡೋದು. ನಿಲ್ಲೋಕೆ ಮುಂಚೆ ಏನೇನಾಯ್ತೋ ಅದನ್ನೆಲ್ಲ ಇನ್ನೊಂದು ಸಲ ಮಾಡಿಸಿ ನೋಡೋದು.”

ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಫ್ಯೂಸ್ ಸುಟ್ಟಿದ್ದರೆ, ಯಾಕೆ ಸುಟ್ಟಿತೆಂದು ತಿಳಿಯದೆ ಹೊಸದು ಹಾಕಿದವನಲ್ಲ. ಮೇಲಿನ ಮಹಡಿಗಳ ಅಜ್ಜಿಯರು ಎಷ್ಟೇ ಬೈಯಲಿ. ಈಗ ತನ್ನ ಲಿವರಿನ ವಿಷಯದಲ್ಲೂ ಅದೇ ಹಟ. ಹೆಪಟೈಟಿಸ್ ಸಿ ಎಂದು ಹನ್ನೆರಡು ವಾರ ಮಾತ್ರೆ ನುಂಗಿದ್ದ. ಮುಗಿದ ದಿನ ರಕ್ತದಲ್ಲಿ ವೈರಸ್ ಕಾಣಲಿಲ್ಲ. ಮೂರು ತಿಂಗಳಿಗೆ ಮತ್ತೆ ಹಾಜರ್. ಲಿವರ್ ಗಟ್ಟಿಯಾಗುತ್ತಿದೆ, ತಡ ಮಾಡಬೇಡಿ, ಈ ಸಲ ಬೇರೆ ಮಾತ್ರೆ ಕೊಡುತ್ತೇನೆ ಎಂದರು ಡಾಕ್ಟರು. ಮೊದಲನೆಯದು ಯಾಕೆ ಕೈಕೊಟ್ಟಿತು ಎಂದು ಕೇಳಿದ್ದಕ್ಕೆ, ಕೆಲವರಿಗೆ ಹಾಗಾಗುತ್ತದೆ ಎಂದರು. ಆ ಉತ್ತರ ಇವನ ಗಂಟಲಲ್ಲಿ ಇಳಿಯಲಿಲ್ಲ. ಕಾರಣ ಗೊತ್ತಾಗದೆ ಎರಡನೆಯದನ್ನು ಮುಟ್ಟುವುದಿಲ್ಲ ಎಂದು ಮನೆಗೆ ಬಂದು ಕೂತಿದ್ದ.

“ಒಂದು ದಿನವೂ ತಪ್ಪಿಸಿಲ್ಲ ತಾನೇ?”

“ಮೂವತ್ತು ವರ್ಷ ಸ್ಕೂಲಲ್ಲಿ ಹಾಜರಿ ಕರೆದವಳು ಕಣೋ ನಾನು. ಕ್ಯಾಲೆಂಡರ್ ನೋಡು.” ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಎಂಬತ್ತನಾಲ್ಕು ಕೆಂಪು ಗೀಟುಗಳಿದ್ದವು. ಒಂದೂ ಸೊಟ್ಟಗಿರಲಿಲ್ಲ. ಅವಳಿಗೂ ಈಗ ಕುತೂಹಲ ಹತ್ತಿತ್ತು. ಇಷ್ಟು ನೆಟ್ಟಗೆ ನಡೆದದ್ದು ಹೇಗೆ ಕೆಟ್ಟಿತು?

“ಕೊನೇ ಸಲ,” ಎಂದ ತಮ್ಮ. “ಈ ಸಲ ಯೋಚನೆ ಮಾಡ್ಬೇಡ. ಕೈ ಎಲ್ಲಿಗೆ ಹೋಗುತ್ತೋ ಹೋಗ್ಲಿ ಬಿಡು. ಇರು, ಬೂಟು ತರ್ತೀನಿ. ಆಗ ಡ್ಯೂಟಿಗೆ ಹೊರಡೋ ಹೊತ್ತಲ್ವಾ?”

ಆಕಳಿಸುತ್ತಾ ಬಂದ. ಕೂತ. ನುಂಗಿದ. ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಅಕ್ಕನ ಕೈ ಮೇಲಿನ ಶೆಲ್ಫಿಗೆ ಹೋಯಿತು. ಗುಲಾಬಿ ಬಣ್ಣದ ಸೀಸೆ ಇಳಿಸಿ, ಕುಲುಕಿ, ಚಮಚ ತುಂಬ ಬಗ್ಗಿಸಿತು. “ಬಾಯಿ ತೆಗಿ,” ಎಂದಳು. ಅವನು ಲೇಸಿನಿಂದ ಕಣ್ಣೆತ್ತದೆ ಬಾಯಿ ತೆರೆದ. ಹಾಗೇ ಮುಚ್ಚಿದ. ನಿಧಾನವಾಗಿ ತಲೆಯೆತ್ತಿದ.

“ಇದೇನಕ್ಕ?”

“ಅದು... ಎದೆಯುರಿಗೆ ಕುಡೀತಾರಲ್ಲ, ಅದು. ಅಷ್ಟು ಜೋರಿನ ಮಾತ್ರೆ, ಹೊಟ್ಟೆ ಸುಟ್ಟೀತು ಅಂತ... ದಿನಾ ಕುಡೀತಿದ್ಯಲ್ಲೋ!”

“ಕುಡೀತಿದ್ದೆ.” ಅವನು ಸೀಸೆಯನ್ನು ತಿರುಗಿಸಿ ನೋಡಿದ. “ಬೇರೆ ಏನಾದ್ರೂ ಔಷಧಿ ತಗೋತೀರಾ ಅಂತ ಡಾಕ್ಟರು ಮೊದಲ್ನೇ ದಿನವೇ ಕೇಳಿದ್ರು. ಏನೂ ಇಲ್ಲ ಅಂದೆ. ಇದನ್ನ ಔಷಧಿ ಅಂತ ನಾನು ಲೆಕ್ಕಕ್ಕೇ ಇಟ್ಟಿರ್ಲಿಲ್ಲ. ಅಕ್ಕನ ಕಾಟ ಅಂದ್ಕೊಂಡಿದ್ದೆ.”

ಒಂದು ಬೂಟಿನ ಲೇಸು ಎಳೆದುಕೊಂಡೇ ಕೋಣೆಗೆ ಓಡಿದ. ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಕಾಗದವನ್ನೂ ಸರ್ಕ್ಯೂಟ್ ಬೋರ್ಡ್ ನೋಡುವ ಭೂತಗನ್ನಡಿಯನ್ನೂ ತಂದು ಮೇಜಿನ ಮೇಲೆ ಹರಡಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳೋಡಿಸಿದ. ಬೆರಳು ಒಂದು ಕಡೆ ನಿಂತಿತು.

“ಎದೆಯುರಿ ಔಷಧಿ ಕುಡಿಯೋದಿದ್ರೆ ನಾಲ್ಕು ಗಂಟೆ ಅಂತರ ಇರ್ಬೇಕಂತೆ. ಒಟ್ಟಿಗೆ ತಗೊಂಡ್ರೆ ಮಾತ್ರೆ ಮೈಗೆ ಸರಿಯಾಗಿ ಹತ್ತೋದಿಲ್ವಂತೆ.” ಕಾಗದದಿಂದ ಮುಖ ಎತ್ತಿದಾಗ ಹುಡುಗನ ಹಾಗೆ ನಗುತ್ತಿದ್ದ. “ಸಿಕ್ತು ಅಕ್ಕ! ಇದೇ ಇರ್ಬೇಕು!”

ಅಕ್ಕನಿಗೆ ನಗು ಬರಲಿಲ್ಲ. “ಹಾಗಾದ್ರೆ ನಾನೇ...”

“ಕೊಟ್ಟವಳು ನೀನು, ಹೇಳದೆ ಇದ್ದವನು ನಾನು. ಇದೇ ಕಾರಣವೋ ಅಲ್ವೋ ಡಾಕ್ಟರು ನೋಡ್ಲಿ. ಎರಡನೇದು ಶುರು ಮಾಡಿ ಅಂತ ಹೇಳ್ಬಿಡ್ತೀನಿ.” ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದ.

“ಈ ಸಲ ಮಾತ್ರೆ ನೀನೇ ತಗೋ. ನನ್ನ ಕೈಯಿಂದ ಬೇಡ.”

“ನೀನೇ ಕೊಡ್ಬೇಕು. ಎಲ್ಲಿ ಕೆಟ್ಟಿತ್ತು ಅಂತ ಗೊತ್ತಿರೋ ಲಿಫ್ಟನ್ನೇ ನಾನು ಧೈರ್ಯವಾಗಿ ಹತ್ತೋದು,” ಎಂದವನು, ಆ ಕಡೆಯಿಂದ ಯಾರೋ ಮಾತಾಡಿದ್ದರಿಂದ, “ಹಲೋ, ಡಾಕ್ಟರ್ ಇದಾರಾ?” ಎನ್ನುತ್ತಾ ಕಿಟಕಿಯ ಕಡೆ ಹೋದ.

ಚಮಚ ಇನ್ನೂ ಅಕ್ಕನ ಕೈಯಲ್ಲೇ ಇತ್ತು. ಇಷ್ಟು ಹೊತ್ತು ಒಂದು ಹನಿಯೂ ಚೆಲ್ಲಿರಲಿಲ್ಲ. ಸೀಸೆಗೆ ವಾಪಸು ಹಾಕುವಂತಿಲ್ಲ, ಚೆಲ್ಲಲು ಕೈ ಬರಲಿಲ್ಲ. ಕೊನೆಗೆ ತಾನೇ ಕುಡಿದಳು. ಸುಣ್ಣದ ನೀರಿಗೆ ಸಕ್ಕರೆ ಕದಡಿದ ಹಾಗಿತ್ತು. ಎಂಬತ್ತನಾಲ್ಕು ದಿನ ತಮ್ಮನ ಬಾಯಿಗೆ ಹಾಕಿದ್ದಳು. ರುಚಿ ನೋಡಿದ್ದು ಇದೇ ಮೊದಲು.