ಬೆರಳುದ್ದದ ಕೀಲಿ

ಗಂಡನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಎಂದಿನಂತೆ ಆರಕ್ಕೆ ನಲ್ಲಿ ನೀರು ಬಂತು. ಅವಳು ಕೊಡಗಳನ್ನು ತುಂಬಿಸಿಟ್ಟು, ಗಂಡ ನೋಡಿಕೊಳ್ಳುತ್ತಿದ್ದ ಔಷಧಿ ಸಗಟು ಅಂಗಡಿಗೆ ನಡೆದಳು. ಅವನ ಕುರ್ಚಿಯಲ್ಲಿ ಆಗಲೇ ಭಾವ ಕೂತಿದ್ದರು.

“ಭಾವ, ಅವಧಿ ಮೀರೋ ಔಷಧಿಗಳ ಪಟ್ಟಿ ತೆಗೆಯೋಕೆ ಹೊಸ ಸಾಫ್ಟ್‌ವೇರ್ ಹಾಕೋಣ ಅಂತ ಅವರು ತೀರ್ಮಾನ ಮಾಡಿದ್ದರು. ನಾನು ಕಲಿತಿದ್ದೀನಿ. ನಾನೇ ನಡೆಸ್ತೀನಿ.”

“ಹಳೇದಕ್ಕೇನಾಗಿದೆ? ಗುಂಡಿ ಒತ್ತಿದರೆ ಪಟ್ಟಿ ಬರುತ್ತೆ. ಅದಕ್ಕೂ ನಿನ್ನ ಹಾಗೆ ಎಂ.ಎಸ್ಸಿ. ಓದಿರಬೇಕಾ?”

“ಅಂಗಡಿಗಳಿಂದ ವಾಪಸ್ ಬಂದ ಮಾತ್ರೆಗಳನ್ನ ಹಳೇದು ಹಿಡಿಯೋದೇ ಇಲ್ಲ. ಅವಧಿ ಮೀರಿದ್ದು ಯಾರದೋ ಹೊಟ್ಟೆಗೆ ಹೋದರೆ?”

“ನೋಡಮ್ಮ, ಹಳೇದು ನನ್ನ ತಮ್ಮ ಹಾಕಿಸಿದ್ದು, ಅವನ ನೆನಪು. ಅದನ್ನ ಯಾರೂ ಬದಲಾಯಿಸೋ ಹಾಗಿಲ್ಲ. ನೀನು ಸುಮ್ಮನೆ ಮನೇಲಿರು.”

“ನೆನಪು ನನಗಿದೆ ಭಾವ. ನಿಮಗೆ ಬೇಕಾಗಿರೋದು ಅವರ ಕುರ್ಚಿ.”

ಭಾವ ಬಾಗಿಲ ಕಡೆ ಕೈ ತೋರಿಸಿದರು. ಅವಳು ಬಗ್ಗಿ, ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ್ದ, ಪೆನ್‌ಡ್ರೈವ್‌ನಂಥ ಬೆರಳುದ್ದದ ಸಾಫ್ಟ್‌ವೇರ್ ಕೀಲಿಯನ್ನು ಕಿತ್ತು ಪರ್ಸಿಗೆ ಹಾಕಿಕೊಂಡಳು. ರಸ್ತೆ ದಾಟಿ, ಗಂಡನ ಗೆಳೆಯನ ಔಷಧಿ ಅಂಗಡಿಗೆ ಹೋಗಿ ಅದನ್ನು ಗಲ್ಲಾದ ಮೇಲಿಟ್ಟಳು.

“ತಗೊಳ್ಳಿ. ಅವರು ನಿಮ್ಮಿಂದ ಕೇಳಿ ತಂದಿದ್ದು.”

“ಅಯ್ಯೋ, ನಾವು ಹೊಸದು ಹಾಕಿಸಿ ನಾಲ್ಕು ವರ್ಷ ಆಯ್ತು, ನನಗಿದು ಯಾಕೆ? ಇದಿಲ್ಲದೆ ನಿಮ್ಮ ಹಳೇ ಸಾಫ್ಟ್‌ವೇರ್ ತೆರೆಯೋದೇ ಇಲ್ಲ ಅತ್ತಿಗೆ!”

“ಗೊತ್ತು. ಭಾವ ಹುಡುಕಿಕೊಂಡು ಬಂದರೆ, ಅವರು ಹೇಳಿದ ಹಾಗೆ ಮನೇಲೇ ಇದ್ದೀನಿ ಅಂತ ಹೇಳಿ.”