ಕೋಟೆಗೋಡೆ

ಅವನು ಮೌಸ್ ಬಿಟ್ಟು ಕೈಕಟ್ಟಿ ಕೂತಿದ್ದ. ಆದರೂ ಕಂಪ್ಯೂಟರಿನ ಪರದೆಯ ಮೇಲೆ ಬಾಣ ತಾನಾಗಿಯೇ ಹರಿದಾಡುತ್ತಿತ್ತು.

"ಈ ಹಳೇ ಸಿಸ್ಟಮ್ಮಿಗೆ ಇನ್ನು ಅಪ್‌ಡೇಟೂ ಇಲ್ಲ, ಕಾವಲೂ ಇಲ್ಲ, ಬದಲಾಯಿಸ್ರೀ ಅಂತ ಬಡ್ಕೊಂಡೆ," ಎಂದಳು ಹೆಂಡತಿ.

"ಹೊಸದ್ರಲ್ಲಿ ನನ್ನ ಆಟ ಓಡಲ್ವಲ್ಲೇ," ಎಂದ.

"ಯಾರೋ ಒಳಗೆ ಬಂದಿದಾರೆ. ವೈರ್ ಕೀಳ್ರೀ!"

ಅವನು ವೈರಿಗೆ ಕೈ ಹಾಕಿದ. ಅಷ್ಟರಲ್ಲಿ ಬಾಣ ಮೆಲ್ಲಗೆ ಅವನ ಆಟವನ್ನು ತೆರೆಯಿತು, ಕೈ ಅಲ್ಲೇ ನಿಂತಿತು. ಎರಡು ವರ್ಷದಿಂದ ಅವನು ಹತ್ತಿ ಹತ್ತಿ ಬಿದ್ದು ಸಾಯುತ್ತಿದ್ದ ಕೋಟೆಗೋಡೆಯನ್ನು ಅವನ ಸೈನಿಕ ಒಂದೇ ನೆಗೆತಕ್ಕೆ ದಾಟಿದ.

ಆಮೇಲೆ ಪರದೆಯಲ್ಲಿ ಒಂದೊಂದೇ ಅಕ್ಷರ ಮೂಡಿತು:

"ಮೂರು ತಿಂಗಳಿಂದ ನೋಡ್ತಿದೀನಿ ಅಣ್ಣ, ತಡ್ಕೊಳ್ಳೋಕಾಗಲಿಲ್ಲ. ಇನ್ನಾದ್ರೂ ಸಿಸ್ಟಮ್ ಬದಲಾಯಿಸಿ. ನನ್ನ ಹಿಂದೆ ಬರ್ತಿರೋರು ಆಟ ನೋಡೋಕೆ ಬರೋರಲ್ಲ."