ಕಣ್ಣಲ್ಲಿ ಕಣ್ಣಿಟ್ಟು

ಮುಖ ಕೊಟ್ಟು ಮಾತಾಡದವನ ಕೈಗೆ ತನ್ನ ಬದುಕು ಸಿಕ್ಕಿತಲ್ಲ ಎಂದು ನರ್ಸ್‌ಗೆ ಮೈಯೆಲ್ಲ ಉರಿಯಿತು. ಎದುರಿಗಿದ್ದ ಪರದೇಶದ ಡಾಕ್ಟರ್ ಆಗಿನಿಂದಲೂ ಮೇಜನ್ನೇ ನೋಡುತ್ತಿದ್ದ. ತನ್ನ ದೇಶದ ಆಸ್ಪತ್ರೆಗೆ ನರ್ಸುಗಳನ್ನು ಆರಿಸಲು ಬಂದ ಮಹಾನುಭಾವ! ಸಂದರ್ಶನ ಪೂರ್ತಿ ಅವನ ಭಾಷೆಯಲ್ಲೇ. ಈ ಕೆಲಸವೂ ಕೈತಪ್ಪಿದರೆ ಅವಳಿಗೆ ಅಕ್ಕನ ಮನೆಯ ಮೂಲೆಯೇ ಗತಿ, ಭಾವನ ಕೊಂಕುಮಾತೇ ಊಟ.

ಭಾಷೆ ಕಲಿಸಿದ ಮೇಡಂ ವರ್ಷವಿಡೀ ಅರೆದು ಕುಡಿಸಿದ್ದರು. "ಬರೀ ಮಾತು ಕಲಿತ್ರೆ ಸಾಲ್ದಮ್ಮ, ಅವರ ನಡತೆನೂ ಕಲೀಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು. ಸಂಬಳ ಬಾಯಿಬಿಟ್ಟು ಕೇಳು. ಬೇಡ ಅಂದ್ರೆ ಬೇಡ, ಅಷ್ಟೇ. ಸಂಕೋಚಪಟ್ಟರೆ ಕೈಲಾಗದವಳು ಅಂದ್ಕೋತಾರೆ." ತಲೆ ತಗ್ಗಿಸಿ ಬೆಳೆದ ಹುಡುಗಿ ಕನ್ನಡಿಯ ಮುಂದೆ ನಿಂತು ನೆಟ್ಟ ನೋಟ ಕಲಿತಿದ್ದಳು.

"ಅಪ್ಪ ಅಮ್ಮ ಚೆನ್ನಾಗಿದಾರಾ ತಂಗಿ?" ಪಾಠ ಒಪ್ಪಿಸುವವನ ಹಾಗೆ ಕೇಳಿದ ಡಾಕ್ಟರ್.

ತಂಗಿಯಂತೆ! ಯಾವ ಜನ್ಮದ ನಂಟು? "ಅದು ಕೆಲಸಕ್ಕೆ ಬೇಕಾಗಿಲ್ಲ. ಸಂಬಳ ಎಷ್ಟು ಕೊಡ್ತೀರಿ?"

ಅವನ ಕಿವಿ ಕೆಂಪಾಯಿತು. "ಮದುವೆ ಆಗಿದೆಯಾ?"

"ಅದೂ ಬೇಕಾಗಿಲ್ಲ."

ಅವನು ಚಹಾದ ಲೋಟ ಮುಂದೆ ಸರಿಸಿದ. ಬೇಡ ಎಂದಳು. ಮತ್ತೆ ಸರಿಸಿದ. "ಒಂದೇ ಒಂದು ಗುಟುಕು..."

"ಒಂದ್ಸಲ ಬೇಡ ಅಂದ್ರೆ ಗೊತ್ತಾಗಲ್ವಾ ನಿಮಗೆ?"

ಅವಮಾನ ಮಾಡಲೆಂದೇ ಕರೆಸಿದ್ದಾನೆ, ಸಂದೇಹವೇ ಇಲ್ಲ. ಕೆಲಸದ ಬಗ್ಗೆ ಒಂದು ಪ್ರಶ್ನೆಯಿಲ್ಲ, ಬರೀ ಮನೆಯ ಪುರಾಣ. ಅವನು ಕಣ್ಣು ತಪ್ಪಿಸಿದಷ್ಟೂ ಅವಳು ಬಿಡದೆ ದಿಟ್ಟಿಸಿದಳು.

"ಒಂದೇ ಮಾತು ಹೇಳಿ. ಕೆಲಸ ಕೊಡ್ತೀರೋ ಇಲ್ವೋ?"

"ನೋಡೋಣ ತಂಗಿ," ಎಂದು ನಕ್ಕ. "ಹೇಳಿ ಕಳಿಸ್ತೀವಿ."

ನೋಡೋಣವಂತೆ! ಆ ದೇಶದವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆಂದು ಮೇಡಂ ಸಾರಿ ಸಾರಿ ಹೇಳಿದ್ದರು. ಹಾಗಾದರೆ ಇವನು ಬೇಕೆಂದೇ ಆಟವಾಡಿಸುತ್ತಿದ್ದಾನೆ. ಅವಳು ಎದ್ದು ಹೋಗಿ ಬಾಗಿಲನ್ನು ಧಡಾರನೆ ಎಳೆದುಕೊಂಡಳು. ಅದು ಸರಿಯಾಗಿ ಮುಚ್ಚಿಕೊಳ್ಳಲೂ ಇಲ್ಲ.

ಹೊರಗಿನ ಬೆಂಚಿನ ಮೇಲೆ ಕುಸಿದಳು. ಒಳಗೆ ಅವನು ಫೋನಿನಲ್ಲಿ ತನ್ನ ಮೇಲಧಿಕಾರಿಯೊಡನೆ ಮಾತಾಡತೊಡಗಿದ. ಹಗಲಿರುಳು ಕಲಿತ ಭಾಷೆ. ಒಂದು ಪದವೂ ಅವಳ ಕಿವಿ ತಪ್ಪಲಿಲ್ಲ.

"ಇಲ್ಲಿನ ನಡತೆಯನ್ನೆಲ್ಲ ಕಲಿತುಕೊಂಡೇ ಬಂದಿದ್ದೆ ಸರ್. ಹೆಣ್ಣುಮಕ್ಕಳ ಮುಖ ದಿಟ್ಟಿಸಬಾರದು ಅಂದ್ರು, ದಿಟ್ಟಿಸಲಿಲ್ಲ. ಮೊದಲು ಮನೆಯವರನ್ನ ವಿಚಾರಿಸಬೇಕು ಅಂದ್ರು, ವಿಚಾರಿಸಿದೆ. ಬೇಡ ಅಂದ್ರೂ ಬಿಡದೆ ಬಲವಂತ ಮಾಡ್ಬೇಕು ಅಂದ್ರು, ಮಾಡಿದೆ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬಾರದಂತೆ, ನೋಡೋಣ ಅಂದೆ. ಈ ಜನ ತುಂಬಾ ಮೃದು, ರೋಗಿಗಳನ್ನ ಅಕ್ಕರೆಯಿಂದ ನೋಡ್ಕೋತಾರೆ ಅಂತ ತಾನೇ ನಾವು ಇಷ್ಟು ದೂರ ಹುಡುಕಿಕೊಂಡು ಬಂದಿದ್ದು?"

ಆ ಕಡೆಯವರು ಏನೋ ಕೇಳಿರಬೇಕು. ಅವನು ನಿಟ್ಟುಸಿರು ಬಿಟ್ಟ.

"ಈ ಹುಡುಗಿ ಬೇಡ ಸರ್. ಇಂಥವರು ನಮ್ಮಲ್ಲೇ ಬೇಕಾದಷ್ಟಿದಾರೆ."